ಹಾಲು, ಮೊಟ್ಟೆ, ದಂಗೆ

ಬಿಸಿ ಹಾಲಿಗೆ ಮದ್ಯ ಹೊಯ್ದು ಒಡೆಸಿದ 'ಪಾಸೆಟ್' ಹಿಂದೆ ಇಂಗ್ಲೆಂಡಿನ ಚಳಿಗಾಲದ ಪಾನೀಯ. ಎಗ್‌ನಾಗ್ ಅದರ ಸಂತತಿಯೆನ್ನುವರು. ಅಮೆರಿಕದ ವಸಾಹತುಗಳಲ್ಲಿ ಹಾಲು ಮೊಟ್ಟೆಗಳಿಗೆ ಬರವಿರಲಿಲ್ಲ. ಕೆರಿಬಿಯನ್ ದ್ವೀಪಗಳ ರಮ್ ಅಗ್ಗ. ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ಕಡೆದು, ಹಾಲು, ಕೆನೆ, ಮದ್ಯಗಳನ್ನು ಮೆಲ್ಲನೆ ಬೆರೆಸಿ, ನೊರೆಗಟ್ಟಿದ ಬಿಳಿಯನ್ನು ತೇಲಿಸಿ, ಮೇಲೆ ಜಾಯಿಕಾಯಿ ತುರಿದರಾಯಿತು.

ನೋಟಕ್ಕೆ ಪಾಯಸದಷ್ಟು ಸಾಧು! ಆದರೆ 1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ತರುಣರು ನಿಷೇಧವನ್ನು ಮೀರಿ, ಕದ್ದು ತಂದ ವಿಸ್ಕಿಯಿಂದ ಇದನ್ನು ಸಿದ್ಧಪಡಿಸಿದರು. ಬೆಳಗಾಗುವಷ್ಟರಲ್ಲಿ ಕಿಟಕಿಗಳು ಪುಡಿಪುಡಿ. ತಡೆಯಹೋದ ಅಧಿಕಾರಿಗಳ ಮೇಲೂ ಕೈ. (ಪಾಠ ಹೇಳುವ ನನಗೆ ಅವರ ಪಾಡನ್ನು ನೆನೆದೇ ಎದೆ ನಡುಗುತ್ತದೆ.) ಸೈನಿಕ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ಕೊಠಡಿಗೆ ನಡೆ ಎಂದೊಡನೆ ನಡೆದ ಜೆಫರ್ಸನ್ ಡೇವಿಸ್ ಉಳಿದುಕೊಂಡ. 1861ರಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳಿಗೆ ಅವನೇ ಅಧ್ಯಕ್ಷನಾದ.