ಎಣಿಸುವವರಿಲ್ಲದಾಗ ಮೊದಲು ಕಾಣೆಯಾಗುವ ಊರು

2025ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ ಒಂದು ಕೆಲಸ ಸದ್ದಿಲ್ಲದೆ ನಿಂತುಹೋಯಿತು. ಅಲ್ಲಿಯ ಅಂಗಡಿಗಳಲ್ಲಿ ಹಾಲು, ಮೊಟ್ಟೆ, ಔಷಧಿಗಳ ಬೆಲೆಯನ್ನು ವಿಚಾರಿಸಿ ಬರೆದುಕೊಳ್ಳುತ್ತಿದ್ದ ಸರ್ಕಾರಿ ಸಮೀಕ್ಷೆ ಸ್ಥಗಿತಗೊಂಡಿತು. ಯೂಟಾ ರಾಜ್ಯದ ಪ್ರೊವೊ ನಗರದಲ್ಲೂ ಅದೇ ಆಯಿತು. ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದ ಸರದಿ ಬಂತು. ಬೆಲೆ ಸಂಗ್ರಹ ನಡೆಯುತ್ತಿದ್ದ 75 ನಗರ ಪ್ರದೇಶಗಳಲ್ಲಿ ಮೂರು ಹೀಗೆ ಪಟ್ಟಿಯಿಂದ ಹೊರಬಿದ್ದವು. ಉಳಿದ ಕಡೆಗಳಲ್ಲೂ ವಿಚಾರಿಸುವ ಬೆಲೆಗಳ ಸಂಖ್ಯೆಯನ್ನು ಇಳಿಸಲಾಯಿತು.

ಈ ಕೆಲಸ ಮಾಡುತ್ತಿದ್ದುದು 1884ರಲ್ಲಿ ಸ್ಥಾಪನೆಯಾದ, ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ಎಂಬ ಕಾರ್ಮಿಕ ಅಂಕಿಅಂಶ ಸಂಸ್ಥೆ. 2025ರ ಜನವರಿಯಲ್ಲಿ ಅಮೆರಿಕದ ಹೊಸ ಆಡಳಿತವು ಕೇಂದ್ರ ಸರ್ಕಾರದ ನೇಮಕಾತಿಗಳಿಗೆ ತಡೆಯೊಡ್ಡಿತು. ಇದ್ದ ನೌಕರರು ತಾವಾಗಿಯೇ ಬಿಟ್ಟು ಹೋಗುವಂತೆ ಉತ್ತೇಜನ ನೀಡಿತು. ಹೋದವರ ಜಾಗಕ್ಕೆ ಬೇರೆಯವರು ಬರಲಿಲ್ಲ. ಲಭ್ಯವಿರುವ ಸಂಪನ್ಮೂಲದಲ್ಲಿ ಎಲ್ಲ ಕಡೆಗೂ ಹೋಗುವುದು ಸಾಧ್ಯವಿಲ್ಲವೆಂದು ಸಂಸ್ಥೆ ಒಪ್ಪಿಕೊಂಡಿತು.

ಇದು ಸಾವಿರಾರು ಮೈಲಿ ದೂರದ ದೇಶದ ಕಚೇರಿಯ ಸಮಾಚಾರ. ಮಲೆನಾಡಿನ ಹಳ್ಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಉತ್ತರ ಆ ಮೂರು ಊರುಗಳ ಹೆಸರಿನಲ್ಲಿಯೇ ಇದೆ. ಪಟ್ಟಿಯಿಂದ ಹೊರಬಿದ್ದದ್ದು ನ್ಯೂಯಾರ್ಕ್ ಮಹಾನಗರವಲ್ಲ, ಷಿಕಾಗೋ ಅಲ್ಲ, ಲಾಸ್ ಏಂಜಲೀಸ್ ಅಲ್ಲ. ರಾಷ್ಟ್ರೀಯ ಸರಾಸರಿಗೆ ಹೆಚ್ಚು ಪೆಟ್ಟು ಬೀಳದಂತೆ ಕೈಬಿಡಬಹುದಾದ ಊರುಗಳವು. ಎಣಿಸುವ ಕೈಗಳು ಕಡಿಮೆಯಾದಾಗ ಸರಾಸರಿ ಉಳಿಯುತ್ತದೆ, ಊರು ಅಳಿಯುತ್ತದೆ. ಸಿಬ್ಬಂದಿ ಕಡಿತದ ನಿಜವಾದ ಸ್ವರೂಪ ಇದು.

ಬರೆದುಕೊಳ್ಳಲಾಗದೆ ಹೋದ ಬೆಲೆಯ ಜಾಗವನ್ನು ಖಾಲಿ ಬಿಡುವಂತಿಲ್ಲ. ಅದನ್ನು ಅಂದಾಜಿನಿಂದ ತುಂಬಲಾಗುತ್ತದೆ. ಈ ಪದ್ಧತಿ ಹಳೆಯದು, ತಪ್ಪೂ ಅಲ್ಲ. ಅದೇ ಊರಿನ ಅದೇ ಬಗೆಯ ವಸ್ತುವಿನ ಬೆಲೆಯಿಂದ ಅಂದಾಜು ಮಾಡಿದರೆ ಅದು ಸತ್ಯಕ್ಕೆ ಸಮೀಪವಿರುತ್ತದೆ. ಅದೂ ಸಿಗದಿದ್ದಾಗ ಬೇರೆ ಊರಿನ ಅಥವಾ ಬೇರೆ ವರ್ಗದ ವಸ್ತುವಿನ ಬೆಲೆಯನ್ನು ಆಧರಿಸಬೇಕಾಗುತ್ತದೆ. 2024ರಲ್ಲಿ ಹೀಗೆ ತುಂಬಿದ ಬೆಲೆಗಳ ಪೈಕಿ ದೂರದ ಆಧಾರದಿಂದ ಬಂದವು ಸುಮಾರು ಹತ್ತನೆಯ ಒಂದು ಪಾಲು. 2025ರ ಜೂನ್ ಹೊತ್ತಿಗೆ ಆ ಪಾಲು ಶೇಕಡಾ 35ಕ್ಕೆ ಏರಿತು. ಅಮೆರಿಕದ ಕೋಟ್ಯಂತರ ವೃದ್ಧರ ಪಿಂಚಣಿ ವರ್ಷಕ್ಕೊಮ್ಮೆ ಎಷ್ಟು ಏರಬೇಕೆಂಬುದನ್ನು ನಿರ್ಧರಿಸುವುದು ಇದೇ ಬೆಲೆ ಸೂಚ್ಯಂಕ. ಸಂಬಳ ಉಳಿಸಿದ್ದು ಸರ್ಕಾರ. ಅಂದಾಜು ತಪ್ಪಿದರೆ ನಷ್ಟ ಹೊರುವುದು ಪಿಂಚಣಿಯಲ್ಲಿ ಜೀವ ಹಿಡಿದವರು.

ಕೃಷಿಯ ಕಥೆ ಬೇರೆಯಲ್ಲ. ಅಮೆರಿಕದ ಕೃಷಿ ಇಲಾಖೆ 1863ರಿಂದ ಬೆಳೆ ವರದಿಗಳನ್ನು ಪ್ರಕಟಿಸುತ್ತಾ ಬಂದಿದೆ. ದೇಶದಲ್ಲಿ ಎಷ್ಟು ಬೆಳೆ ಬರುತ್ತದೆಂಬುದು ವ್ಯಾಪಾರಿಗೆ ಗೊತ್ತಿದ್ದು ರೈತನಿಗೆ ಗೊತ್ತಿಲ್ಲದಿದ್ದರೆ ಬೆಲೆ ಕಟ್ಟುವಾಗ ಸೋಲುವವನು ರೈತನೇ. ಆ ಅಸಮಾನತೆಗೆ ಸಾರ್ವಜನಿಕ ಅಂಕಿಅಂಶವೇ ಮದ್ದಾಗಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ಇಲಾಖೆಯ ಅಂಕಿಅಂಶ ಸಂಸ್ಥೆ ಹಣದ ಕೊರತೆಯನ್ನು ಮುಂದಿಟ್ಟು, ಜುಲೈ ತಿಂಗಳ ದನಗಳ ಗಣತಿ ವರದಿಯನ್ನೂ ಜಿಲ್ಲಾವಾರು ಬೆಳೆ ಮತ್ತು ಜಾನುವಾರು ಅಂದಾಜುಗಳನ್ನೂ ಕೈಬಿಡುವುದಾಗಿ ಘೋಷಿಸಿತು. ಇಲ್ಲಿಯೂ ದೇಶದ ಮೊತ್ತ ಉಳಿಯಿತು, ಜಿಲ್ಲೆಯ ಲೆಕ್ಕಕ್ಕೆ ಕತ್ತರಿ ಬಿತ್ತು. ಆ ದೇಶದಲ್ಲಿ ಮಾಂಸಕ್ಕಾಗಿ ಕೊಬ್ಬಿಸಿದ ದನಗಳ ಖರೀದಿಯಲ್ಲಿ ನಾಲ್ಕು ದೊಡ್ಡ ಕಂಪನಿಗಳದ್ದೇ ಶೇಕಡಾ 80ಕ್ಕೂ ಮೀರಿದ ಪಾಲು. ವರದಿ ನಿಂತರೂ ಅವರ ಲೆಕ್ಕ ನಿಲ್ಲುವುದಿಲ್ಲ. ತಮ್ಮ ಖರ್ಚಿನಲ್ಲಿ ಮಾಹಿತಿ ಸಂಗ್ರಹಿಸುವ ಶಕ್ತಿ ಅವರಿಗಿದೆ. ಕತ್ತಲಲ್ಲಿ ಉಳಿಯುವವನು ನೂರು ದನ ಸಾಕಿದ ರೈತ. ರೈತರ ಒತ್ತಾಯದ ನಂತರ 2025ರಲ್ಲಿ ಜುಲೈ ವರದಿ ಮರಳಿ ಬಂತು. ಆದರೆ ಅದು ತನ್ನನ್ನು ಹೋಲಿಸಿಕೊಂಡದ್ದು 2023ರೊಂದಿಗೆ. ನಡುವಿನ ವರ್ಷದ ಜಾಗ ಎಂದೆಂದಿಗೂ ಖಾಲಿ.

ಆ ಖಾಲಿ ಜಾಗದ ಬೆಲೆಯನ್ನು ಕಡಿತದ ಪ್ರತಿಪಾದಕರು ಅರಿತಿಲ್ಲ. ಮುರಿದ ಸೇತುವೆಯನ್ನು ಮುಂದಿನ ವರ್ಷ ಕಟ್ಟಬಹುದು. ಕಳೆದ ತಿಂಗಳ ಮಳೆಯನ್ನು ಈ ತಿಂಗಳು ಅಳೆಯಲಾಗದು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಹಣಕಾಸು ಅನುಮೋದನೆಯಿಲ್ಲದೆ ಅಮೆರಿಕದ ಸರ್ಕಾರಿ ಕಚೇರಿಗಳು ಮುಚ್ಚಿದವು. ಅಕ್ಟೋಬರ್ ತಿಂಗಳ ನಿರುದ್ಯೋಗ ಪ್ರಮಾಣ ಪ್ರಕಟವಾಗಲೇ ಇಲ್ಲ. 1948ರಿಂದ ನಡೆದುಬಂದ ಸರಣಿ ಮೊದಲ ಬಾರಿಗೆ ತುಂಡಾಯಿತು.

ಎಣಿಕೆ ದುರ್ಬಲವಾದ ಮೇಲೆ ಅದನ್ನು ಸುಳ್ಳೆಂದು ಕರೆಯುವುದು ಸುಲಭ. 2025ರ ಆಗಸ್ಟ್ 1ರಂದು ಉದ್ಯೋಗ ವರದಿ ಹೊರಬಂತು. ಮೇ ಮತ್ತು ಜೂನ್ ತಿಂಗಳುಗಳಿಗೆ ಮೊದಲು ಹೇಳಿದ್ದಕ್ಕಿಂತ 2,58,000 ಉದ್ಯೋಗಗಳು ಕಡಿಮೆ ಎಂದು ಅದು ತಿದ್ದಿಕೊಂಡಿತ್ತು. ಅದೇ ದಿನ ಅಧ್ಯಕ್ಷ ಟ್ರಂಪ್ ಸಂಸ್ಥೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ವಜಾ ಮಾಡಿದರು; ಅಂಕಿಗಳನ್ನು ತಿರುಚಲಾಗಿದೆ ಎಂಬ ಆರೋಪಕ್ಕೆ ಪುರಾವೆ ನೀಡಲಿಲ್ಲ. ಇಂತಹ ತಿದ್ದುಪಡಿ ಅಪರಾಧವಲ್ಲ. ತಡವಾಗಿ ಬಂದ ಉತ್ತರಗಳನ್ನೂ ಸೇರಿಸಿ ಲೆಕ್ಕವನ್ನು ಸರಿಪಡಿಸುವುದು ಪ್ರಾಮಾಣಿಕತೆಯ ಲಕ್ಷಣ. ಸಮೀಕ್ಷೆಗಳಿಗೆ ಉತ್ತರಿಸುವವರ ಸಂಖ್ಯೆ ಕಡಿತಕ್ಕೂ ಮೊದಲೇ ಇಳಿಯುತ್ತಿತ್ತು ಎಂಬುದೂ ನಿಜ. ಆದರೆ ಉತ್ತರಿಸದವರ ಬಾಗಿಲಿಗೆ ಎರಡನೆಯ ಸಲ, ಮೂರನೆಯ ಸಲ ಹೋಗಲು ಬೇಕಾದದ್ದು ಹೆಚ್ಚು ಜನ. ಆಳುವವರು ಜನರನ್ನು ಕಡಿಮೆ ಮಾಡಿದರು, ಆಮೇಲೆ ಲೆಕ್ಕವನ್ನು ದೂಷಿಸಿದರು.

ಈಗ ಮಲೆನಾಡಿಗೆ ಬರೋಣ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ತೋಟದಲ್ಲಿ ಉದುರಿದ ಕೊಳೆ ಅಡಿಕೆಯಲ್ಲ, ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿ. ಆ ಮಾಪಕವನ್ನು ನೋಡಿಕೊಳ್ಳುವ ಜನರಿಲ್ಲದೆ ಅದು ಕೆಟ್ಟು ನಿಂತರೆ ಪಕ್ಕದ ಊರಿನ ಮಳೆಯನ್ನು ಈ ಊರಿನ ಲೆಕ್ಕಕ್ಕೆ ಬರೆಯಬೇಕಾಗುತ್ತದೆ. ಲಿಂಕನ್ ನಗರದ ಬೆಲೆಗೆ ಆದದ್ದೂ ಇದೇ. ಬಯಲುಸೀಮೆಯಲ್ಲಿ ಈ ಎರವಲು ಹೇಗೋ ನಡೆದೀತು. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಕಾಣುವ ಆಗುಂಬೆಗೂ, ಅದೇ ತಾಲ್ಲೂಕಿನ ಕೇಂದ್ರವಾದ ತೀರ್ಥಹಳ್ಳಿಗೂ ಮಳೆಯಲ್ಲಿ ಎಷ್ಟು ಅಂತರವೆಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಗುಡ್ಡದ ಈಚೆ ಬಿದ್ದ ಮಳೆಯಿಂದ ಗುಡ್ಡದ ಆಚೆಯ ಕೊಳೆರೋಗವನ್ನು ಅಳೆಯುವುದು ವಿಜ್ಞಾನವಲ್ಲ.

ಭಾರತಕ್ಕೆ ಈ ಎಚ್ಚರಿಕೆ ಹೊಸದೂ ಅಲ್ಲ. ಸಿ. ರಂಗರಾಜನ್ ಅಧ್ಯಕ್ಷತೆಯ ರಾಷ್ಟ್ರೀಯ ಅಂಕಿಅಂಶ ಆಯೋಗ 2001ರಲ್ಲಿ ಸಲ್ಲಿಸಿದ ವರದಿಯಲ್ಲಿ, ಹೊಲದಿಂದ ಹೊಲಕ್ಕೆ ನಡೆದು ಬೆಳೆ ದಾಖಲಿಸಬೇಕಾದ ಗ್ರಾಮಲೆಕ್ಕಿಗರ ತಲೆಯ ಮೇಲೆ ಬೇರೆ ಕೆಲಸಗಳ ಹೊರೆ ಬಿದ್ದು ಕೃಷಿ ಅಂಕಿಅಂಶ ಹದಗೆಟ್ಟಿದೆ ಎಂದು ಸ್ಪಷ್ಟವಾಗಿ ಹೇಳಿತ್ತು. ಹುದ್ದೆಯನ್ನು ರದ್ದುಪಡಿಸುವುದು ಕಡಿತದ ಒಂದು ವಿಧಾನ. ಹುದ್ದೆಯಲ್ಲಿರುವವನಿಗೆ ಮೂವರ ಕೆಲಸ ಹೊರಿಸುವುದು ಇನ್ನೊಂದು ವಿಧಾನ. ಫಲ ಎರಡರಿಂದಲೂ ಒಂದೇ.

ಉಪಗ್ರಹವಿದೆ, ಮೊಬೈಲ್ ಆ್ಯಪ್ ಇದೆ, ಇನ್ನು ಮನುಷ್ಯನೇಕೆ ಎಂಬ ವಾದವನ್ನು ಇತ್ತೀಚೆಗೆ ಎಲ್ಲ ದೇಶಗಳ ಆಡಳಿತಗಾರರೂ ಮುಂದಿಡುತ್ತಾರೆ. ಯಂತ್ರ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಮೇಲಿನಿಂದ ನೋಡುವ ಕಣ್ಣಿಗೆ ಅಡಿಕೆ ಮರದ ತಲೆ ಕಾಣುತ್ತದೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗಿನ ಏಲಕ್ಕಿ, ಬುಡಕ್ಕೆ ತಗುಲಿದ ಸೊರಗು ರೋಗ ಕಾಣುವುದಿಲ್ಲ. ಉಪಗ್ರಹದ ಚಿತ್ರವನ್ನು ಸರಿಯೆಂದು ಸಾಬೀತುಪಡಿಸಲು ಸಹ ಯಾರೋ ಒಬ್ಬರು ತೋಟಕ್ಕೆ ಇಳಿಯಲೇಬೇಕು. ಒಂದೇ ಬೆಳೆಯ ವಿಶಾಲ ಬಯಲಿಗಾಗಿ ರೂಪುಗೊಂಡ ಲೆಕ್ಕವನ್ನು ಮಿಶ್ರಬೆಳೆಯ ಗುಡ್ಡಕ್ಕೆ ಹೇರಿದರೆ ಕಾಣೆಯಾಗುವುದು ಗುಡ್ಡದ ಬದುಕೇ.

ಚದುರಿದ ಮನೆಗಳು, ಹಳ್ಳ ದಾಟಿ ಹೋಗಬೇಕಾದ ದಾರಿ, ಸಿಗ್ನಲ್ ಇಲ್ಲದ ಕಣಿವೆ: ಎಣಿಸುವವನಿಗೆ ಅತಿ ಹೆಚ್ಚು ಖರ್ಚಿನ ಊರುಗಳು ಇವೇ. ಆದ್ದರಿಂದಲೇ ಕಡಿತದ ಕತ್ತರಿ ಹಿಡಿದವರಿಗೆ ಮೊದಲು ಕಾಣುವ ಊರುಗಳೂ ಇವೇ. ಒಮ್ಮೆ ಲೆಕ್ಕದಿಂದ ಬಿಟ್ಟುಹೋದ ಊರು ಶಾಲೆ ಕೇಳಲಿ, ಸೇತುವೆ ಕೇಳಲಿ, ಗಣಿಗಾರಿಕೆಯನ್ನು ವಿರೋಧಿಸಲಿ, ದಾಖಲೆ ಎಲ್ಲಿ ಎಂಬ ಮರುಪ್ರಶ್ನೆ ಎದುರಾಗುತ್ತದೆ. ದಾಖಲಿಸುವವನನ್ನು ತೆಗೆದು ಹಾಕಿದವರೇ ಆ ಪ್ರಶ್ನೆ ಕೇಳುತ್ತಾರೆ.

ಗ್ರಾಮಸಭೆಗಳಲ್ಲಿ ಮೂರು ಪ್ರಶ್ನೆಗಳು ದಾಖಲಾಗಲಿ. ಪಂಚಾಯಿತಿಯ ಮಳೆಮಾಪಕ ಈ ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಮಾಡಿತು? ಅದು ನಿಂತ ದಿನಗಳಿಗೆ ಯಾವ ಊರಿನ ಅಂಕಿಯನ್ನು ತುಂಬಲಾಯಿತು? ಹಳ್ಳಿಯ ಬೆಳೆ ದಾಖಲಿಸಬೇಕಾದ ಹುದ್ದೆಗಳಲ್ಲಿ ಖಾಲಿ ಎಷ್ಟು? ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಸಾಮಾನ್ಯ ಮಳೆಮಾಪಕವೊಂದನ್ನು ನೆಟ್ಟು, ಪ್ರತಿ ಬೆಳಿಗ್ಗೆ ಒಂದೇ ಹೊತ್ತಿಗೆ ಅಂಕಿ ಬರೆದಿಡಲಿ. ಇದು ಸರ್ಕಾರದ ಕೆಲಸಕ್ಕೆ ಬದಲಿಯಲ್ಲ, ಆಗಲೂಬಾರದು. ಸರ್ಕಾರದ ಅಂಕಿ ತಪ್ಪಿದಾಗ ಎದುರಿಗಿಡಲು ಬೇಕಾದ ಸಾಕ್ಷಿ. ಗಣತಿಯವರು ಮನೆಗೆ ಬಂದಾಗ ಬೇಸರಿಸದೆ ಸರಿಯಾದ ಉತ್ತರ ಕೊಡುವುದೂ ಇದೇ ಹೋರಾಟದ ಭಾಗ. ಅವರು ಬಾರದೆ ಇದ್ದಾಗ ಯಾಕೆ ಬರಲಿಲ್ಲವೆಂದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ಕೇಳುವುದು ಅದರ ಇನ್ನೊಂದು ಭಾಗ.