ತೋರಣಗಲ್ಲಿನ ಪ್ರಯಾಣಿಕರಿಗೆ ಟಿಕೆಟ್ ಹಣವಷ್ಟೇ ಸಾಲದು

ವಿಮಾನ ರದ್ದಾದಾಗ ಟಿಕೆಟ್ ಹಣ ಮರಳಿಸಿದರೆ ಲೆಕ್ಕ ಚುಕ್ತಾ ಎಂಬುದು ವಿಮಾನಯಾನ ಕಂಪನಿಗಳ ನಿಲುವು. 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ಹಾರಾಟ ರದ್ದುಮಾಡಿದಾಗ, ಆ ಹಣ ಕೊಡಿಸಲೂ ಕೇಂದ್ರ ಸರ್ಕಾರ ಗಡುವು ಹಾಕಬೇಕಾಯಿತು. ಬೆಂಗಳೂರಿನಲ್ಲಿ ಹಣ ವಾಪಸ್ ಪಡೆದವರು ಇನ್ನೊಂದು ವಿಮಾನ ಹುಡುಕಿಕೊಳ್ಳಬಹುದು. ಹಾರಾಟಗಳೇ ಬೆರಳೆಣಿಕೆಯಷ್ಟಿರುವ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ಹುಡುಕುವುದೆಲ್ಲಿ? ಹೊರಡುವ ವೇಳೆಗೆ ಎರಡು ವಾರದೊಳಗೆ, ಆದರೆ 24 ಗಂಟೆ ಮೊದಲೇ ರದ್ದತಿ ತಿಳಿಸಿದರೆ, ನಿಗದಿತ ವೇಳೆಯ ಎರಡು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಇಲ್ಲವೇ ಹಣ, ಪ್ರಯಾಣಿಕರು ಒಪ್ಪಿದ್ದನ್ನು ಕೊಡಬೇಕೆನ್ನುತ್ತದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ. ಇಲ್ಲಿ ಮೊದಲನೆಯದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹಾಗೆ ತಿಳಿಸದಿದ್ದರೆ ಪರಿಹಾರವೂ ಉಂಟು. ಒಂದು ಗಂಟೆಯೊಳಗಿನ ಹಾರಾಟಕ್ಕೆ ಅದು 5,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಯಾವುದು ಕಡಿಮೆಯೋ ಅದು. ಎರಡು ಗಂಟೆ ಮೀರಿದ ಹಾರಾಟಕ್ಕೆ ಮಿತಿ 10,000. ಅಂದರೆ ನಷ್ಟವನ್ನು ಅಳೆಯುವುದು ಹಾರಾಟದ ಅವಧಿಯಿಂದ, ಪ್ರಯಾಣಿಕರು ಸಿಕ್ಕಿಕೊಂಡ ಹೊತ್ತಿನಿಂದಲ್ಲ. ಟಿಕೆಟ್ ಅಗ್ಗವಾದಷ್ಟೂ ಪರಿಹಾರವೂ ಕುಗ್ಗುತ್ತದೆ. ಕಂಪ್ಲಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿ, ಸಂಡೂರಿನ ಗಣಿ ಕೆಲಸ ಮುಗಿಸಿದ ಎಂಜಿನಿಯರ್, ಹಂಪಿ ನೋಡಿ ರಾತ್ರಿ ವಿದೇಶಕ್ಕೆ ಹಾರಬೇಕಾದ ಪ್ರವಾಸಿ ಹೊಸಪೇಟೆಯ ಟ್ಯಾಕ್ಸಿಗೆ ತೆರುವ ಹಣ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಹೊರೆ ಹೆಚ್ಚಿಸಿದರೆ ಸಣ್ಣ ಕಂಪನಿಗಳು ಓಡಿಹೋಗುತ್ತವೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು, 2017ರಲ್ಲಿ ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಇಲ್ಲಿಗೆ ಹಾರಾಟ ಆರಂಭಿಸಿದ ಟ್ರೂಜೆಟ್, 2022ರಲ್ಲಿ ಸೇವೆಯನ್ನೇ ನಿಲ್ಲಿಸಿತು. ಆದರೆ ನಾನು ಕೇಳುತ್ತಿರುವುದು ದೊಡ್ಡ ಮೊತ್ತದ ದಂಡವನ್ನಲ್ಲ, ಪ್ರಯಾಣಿಕರನ್ನು ತಲುಪಿಸುವ ಹೊಣೆಯನ್ನು. ಎಪ್ಪತ್ತು ಸೀಟಿನ ವಿಮಾನ ರದ್ದಾದರೆ ಬೆಂಗಳೂರಿಗೋ, ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೋ ಎರಡು ಬಸ್ಸು ಸಾಕು. ಇದರಿಂದ ಮುಳುಗುವ ಕಂಪನಿ ಬೇರೆ ಕಾರಣಕ್ಕೆ ಆಗಲೇ ಮುಳುಗುತ್ತಿರುತ್ತದೆ. ಮೇಲಾಗಿ ಉಡಾನ್ ಮಾರ್ಗಗಳ ಕೊರತೆಯನ್ನು ತುಂಬಿಕೊಡುವ ಹಣದಲ್ಲಿ ರಾಜ್ಯದ ಪಾಲೂ ಇದೆ; ಸಾರ್ವಜನಿಕರ ದುಡ್ಡು ಪಡೆದ ಸೇವೆಗೆ ಸಾರ್ವಜನಿಕ ಹೊಣೆಯೂ ಅಂಟಬೇಕು. ಹವಾಮಾನ ಕೆಟ್ಟರೆ ಕಂಪನಿಯದೇನು ತಪ್ಪು ಎನ್ನುವವರಿಗೆ: ಪರಿಹಾರದಿಂದ ವಿನಾಯಿತಿ ಈಗಲೇ ಇದೆ, ಅದು ಇರಲಿ. ಯುರೋಪಿಯನ್ ಒಕ್ಕೂಟದ 2004ರ ನಿಯಮವೂ ಆ ವಿನಾಯಿತಿ ಕೊಡುತ್ತದೆ. ಆದರೂ ಬದಲಿ ಪ್ರಯಾಣದ ಹೊಣೆಯಿಂದ ಕಂಪನಿಯನ್ನು ಬಿಡುವುದಿಲ್ಲ.

ಬದಲಿ ವಿಮಾನವಿಲ್ಲದ ನಿಲ್ದಾಣಗಳಲ್ಲಿ ರಸ್ತೆ ಅಥವಾ ರೈಲಿನ ಪ್ರಯಾಣವನ್ನು ಕಂಪನಿಯೇ ತನ್ನ ಖರ್ಚಿನಲ್ಲಿ ಒದಗಿಸಬೇಕೆಂದು ಡಿಜಿಸಿಎ ತನ್ನ ನಿಯಮಕ್ಕೆ ಸೇರಿಸಬೇಕು. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಜನಪ್ರತಿನಿಧಿಗಳು ಹೊಸ ಮಾರ್ಗ ಕೇಳುವ ಪತ್ರದಲ್ಲೇ ಇದನ್ನೂ ಕೇಳಲಿ.