ಹಿತ್ತಿಲ ಮಾತು: ತಡವಾಗಿ ಮೊಳೆತ ಬೀಜ

ಕಳೆದ ಪುಷ್ಯಮಾಸದಲ್ಲಿ ನೆರೆಮನೆಯ ಅಜ್ಜಿಯವರು ತಾವು ವರ್ಷವೆಲ್ಲ ಕಾಪಾಡಿದ ಮೆಣಸಿನಕಾಯಿ ಬೀಜವನ್ನು ನಮಗಿತ್ತರು. ಜಗಲಿಯ ಕುಂಡದಲ್ಲಿ ಬಿತ್ತಿದೆವು. ಹದಿನೈದು ದಿನ ಕಳೆದರೂ ಒಂದೂ ತಲೆಯೆತ್ತಲಿಲ್ಲ. ಬೀಜವು ಹಳತೆಂದು ಮನಸ್ಸಿನಲ್ಲಿಯೇ ಅವರನ್ನು ದೂರಿ, ಮಣ್ಣನ್ನು ಬಾಳೆಯ ಬುಡಕ್ಕೆ ಸುರಿದೆವು. ಸುರಿದಾಗ ನೋಡಿದರೆ, ಬಿಳಿಯ ಬೇರುಗಳು ಆಗತಾನೇ ಹೊರಟಿದ್ದವು! ನಮಗೆ ಬಹಳ ನಾಚಿಕೆಯಾಯಿತು.

ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖವು ಹಿತವಾದುದು. ಆಗ ಎಂಟು ಹತ್ತು ದಿನಗಳಲ್ಲಿ ಮೊಳಕೆ ಕಾಣುವುದು. ಮಣ್ಣು 15 ಡಿಗ್ರಿಗೆ ತಣಿದರೆ ಮೂರು ವಾರಕ್ಕೂ ಹೆಚ್ಚು ಕಾಲ ಹಿಡಿದೀತು. ಬೀಜದೊಳಗೆ ಕೂಡಿಟ್ಟ ಆಹಾರವನ್ನು ಮೊಳಕೆಗೆ ಒದಗಿಸುವ ಕಿಣ್ವಗಳು ಚಳಿಯಲ್ಲಿ ಮಂದವಾಗುವುವು. ಲೆಟ್ಯೂಸ್ ಸೊಪ್ಪಿನ ಸ್ವಭಾವವೇ ಬೇರೆ: 30 ಡಿಗ್ರಿ ಮೀರಿದರೆ ಅದರ ಹಲವು ತಳಿಗಳು ಮೊಳೆಯಲೊಲ್ಲವು.

ಮಣ್ಣಿನ ಹದವೂ ಮುಖ್ಯವಾದುದು. ಬರಿಯ ಎರೆಮಣ್ಣು ನೀರನ್ನು ಹಿಡಿದಿಟ್ಟು ಗಾಳಿಯನ್ನು ತಡೆಯುವುದು, ಬೀಜಕ್ಕೂ ಉಸಿರಾಟವುಂಟಷ್ಟೆ. ಬರಿಯ ಮರಳಾದರೋ ಬೇಗನೆ ಒಣಗುವುದು. ಆದುದರಿಂದ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಸಮಭಾಗವಾಗಿ ಬೆರಸಿ, ಕಾಲು ಅಂಗುಲ ಆಳದಲ್ಲಿ ಬಿತ್ತಬೇಕು. ನೀರು ಅತಿಯಾದರೆ ಎದ್ದ ಸಸಿಯೂ ಬುಡ ಕೊಳೆತು ಬೀಳುವುದು.

ಉಳಿದಿದ್ದ ಹಿಡಿ ಬೀಜವನ್ನು ಈ ಹದದಲ್ಲಿ ಬಿತ್ತಿ, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿರಿಸಿದೆವು. ಹತ್ತನೆಯ ದಿನ ಮೊಳೆತವು. ಮೊಳೆತೊಡನೆ ಬೆಳಕಿಗೆ ತಂದೆವು. ಮೊದಲ ಕಾಯಿಗಳು ಅಜ್ಜಿಯವರ ಮನೆಗೇ ಹೋದುವು. ಓದುಗರೂ ಚಳಿಗಾಲದಲ್ಲಿ ಬಿತ್ತಿದರೆ, ಕೊಟ್ಟವರನ್ನು ದೂರುವ ಮೊದಲು ಒಂದು ತಿಂಗಳು ಕಾಯಬೇಕಾಗಿ ನಮ್ಮ ಬಿನ್ನಹ.